ಗಂಟು ತೆಗೆದ ಮೇಲೂ ಮಾತ್ರೆ ಯಾಕೆ? ಸ್ತನ ಕ್ಯಾನ್ಸರನ್ನು ಬೇರೆ ಅಂಗಗಳಿಗೆ ಹಬ್ಬಿಸುವ ಸಂಕೇತಗಳು

*ಆರೋಗ್ಯ ಮಾಹಿತಿ ಮಾಲಿಕೆ*

ಮಕರಪುರ, ಮಾಂಜಲ್‌ಪುರ, ತರ್ಸಾಲಿ ಕಡೆಯ ನಮ್ಮ ಕನ್ನಡ ಮನೆಗಳಿಗೂ, ಅಹಮದಾಬಾದ್ ಮತ್ತು ಸೂರತ್‌ನಲ್ಲಿರುವ ಬಂಧುಗಳಿಗೂ ಈ ಕಂತು. ಸ್ವಲ್ಪ ಉದ್ದವಿದೆ. ರಾತ್ರಿ ಊಟವಾದ ಮೇಲೆ ನಿಧಾನವಾಗಿ ಓದಿ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಅವರಿಗೆ ಓದಿ ಹೇಳಿ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಜಮಾನರಿಗೆ ಜಿಐಡಿಸಿಯ ಒಂದು ಮಷೀನ್ ಶಾಪಿನಲ್ಲಿ ಕೆಲಸ. ಮನೆಯಾಕೆಗೆ ನಲವತ್ತಾರು ವರ್ಷ. ಎರಡು ವರ್ಷದ ಹಿಂದೆ ಎಡ ಎದೆಯ ಗಂಟಿಗೆ ಆಪರೇಷನ್ ಆಯಿತು. ಕೀಮೋ ಆಯಿತು, ಕರೆಂಟ್ ಕೊಡುವುದೂ ಮುಗಿಯಿತು. ಉದುರಿದ ಕೂದಲು ಮತ್ತೆ ಬಂತು. ಈಗ ಉಳಿದಿರುವುದು ದಿನಕ್ಕೊಂದು ಸಣ್ಣ ಮಾತ್ರೆ. ರಜೆಗೆ ಊರಿಗೆ ಹೋದಾಗ ಒಬ್ಬರು ಹಿರಿಯರು ಅನ್ನುತ್ತಾರೆ: "ಗಂಟ ಇಲ್ಲ ಅಂದ ಮ್ಯಾಲ ಗುಳಿಗಿ ಯಾಕವ್ವಾ? ಮೈಗೆ ಉಷ್ಣ ಆಗತೈತಿ, ಬಿಟ್ಟುಬಿಡು." ಆಕೆಗೂ ನಿಜವಾಗಿಯೇ ಮೈ ಬಿಸಿಯೇರುತ್ತದೆ, ರಾತ್ರಿ ಬೆವರುತ್ತದೆ. ಸುಮ್ಮನೆ ಮಾತ್ರೆ ನಿಲ್ಲಿಸುತ್ತಾಳೆ. ಡಾಕ್ಟರಿಗೆ ಹೇಳುವುದಿಲ್ಲ. ಗಂಡನಿಗೂ ಹೇಳುವುದಿಲ್ಲ.

ಇಂಥ ಮನೆಗಳಿಗಾಗಿಯೇ ಇವತ್ತಿನ ಪಾಠ. ಮೊದಲೇ ಒಂದು ಮಾತಿನಲ್ಲಿ ಉತ್ತರ ಹೇಳಿಬಿಡುತ್ತೇನೆ. ಗಂಟು ಹೋಗಿದೆ. ಆದರೆ ಅದು ಹೋಗುವ ಮೊದಲೇ ಬಿಟ್ಟುಹೋಗಿರಬಹುದಾದ ಕೆಲವು ಕ್ಯಾನ್ಸರ್ ಕೋಶಗಳು ಮೂಳೆಯ ಮಜ್ಜೆಯಲ್ಲೋ ಬೇರೆಲ್ಲೋ ನಿದ್ದೆ ಮಾಡುತ್ತಿರಬಹುದು. "ಏಳು, ಬೆಳೆ" ಎಂದು ಅವುಗಳಿಗೆ ಹೇಳುವ ಒಂದು ಸಂಕೇತವಿದೆ. ಆ ಸಂಕೇತ ಕೋಶಕ್ಕೆ ಮುಟ್ಟದಂತೆ ತಡೆಯುವುದೇ ಆ ಸಣ್ಣ ಮಾತ್ರೆಯ ಕೆಲಸ. ಇದು ಹೇಗೆ ಎಂದು ತಿಳಿದರೆ ಮಾತ್ರೆ ನಿಲ್ಲಿಸಲು ನಿಮಗೇ ಮನಸ್ಸು ಬರುವುದಿಲ್ಲ.

*ಅಪಾಯ ಎಲ್ಲಿದೆ?*

2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಅದೇ ವರ್ಷ ಸುಮಾರು 98 ಸಾವಿರ ಮಂದಿ ಇದರಿಂದ ತೀರಿಕೊಂಡರು. ಎದೆಯಲ್ಲಿರುವ ಗಂಟು ತಾನಾಗಿ ಪ್ರಾಣ ತೆಗೆಯುವುದು ಅಪರೂಪ. ಎದೆಯಿಲ್ಲದೆ ಮನುಷ್ಯ ಬದುಕಬಲ್ಲ. ಮೂಳೆ, ಶ್ವಾಸಕೋಶ, ಲಿವರ್, ಮೆದುಳು ಕೆಟ್ಟರೆ ಬದುಕು ಕಷ್ಟ. ಹಾಗಾಗಿ ನಿಜವಾದ ಅಪಾಯ ಇರುವುದು ಹರಡುವುದರಲ್ಲಿ.

*ಬೀಜ ಮತ್ತು ಮಣ್ಣು*

1889ರಲ್ಲಿ ಲಂಡನ್ನಿನ ಸ್ಟೀಫನ್ ಪೇಜೆಟ್ ಎಂಬ ಶಸ್ತ್ರವೈದ್ಯರು ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ಮರಣೋತ್ತರ ದಾಖಲೆಗಳನ್ನು ಕೂತು ನೋಡಿದರು. ರಕ್ತ ಎಲ್ಲ ಅಂಗಗಳಿಗೂ ಹರಿಯುತ್ತದೆ. ಕ್ಯಾನ್ಸರ್ ಬರೀ ರಕ್ತದ ಜೊತೆ ಹರಿದು ಹೋಗಿ ಸಿಕ್ಕಿದ ಕಡೆ ನಿಲ್ಲುವುದಾದರೆ ಎಲ್ಲ ಅಂಗಗಳಲ್ಲೂ ಕಾಣಬೇಕಿತ್ತು. ಆದರೆ 241 ಮಂದಿಯಲ್ಲಿ ಅದು ಲಿವರಿಗೆ ಹೋಗಿತ್ತು. ಗುಲ್ಮಕ್ಕೆ, ಅಂದರೆ ಡಾಕ್ಟರು ಸ್ಪ್ಲೀನ್ ಎನ್ನುವ ಅಂಗಕ್ಕೆ, ಹೋಗಿದ್ದು 17 ಮಂದಿಯಲ್ಲಿ ಮಾತ್ರ. ಬೀಜ ಎಲ್ಲ ದಿಕ್ಕಿಗೂ ಹಾರುತ್ತದೆ, ಹೊಂದುವ ಮಣ್ಣು ಸಿಕ್ಕಲ್ಲಿ ಮಾತ್ರ ಮೊಳೆಯುತ್ತದೆ ಎಂದು ಪೇಜೆಟ್ ತೀರ್ಮಾನಿಸಿದರು.

ಹೊಲ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರವಾಡ, ಗದಗ ಕಡೆಯ ಎರೆಮಣ್ಣಿನಲ್ಲಿ ಹತ್ತಿ ಬರುತ್ತದೆ. ಇಲ್ಲಿ ವಡೋದರಾ ಸುತ್ತಿನ ಕಪ್ಪು ಮಣ್ಣಿನಲ್ಲೂ ಅದೇ ಹತ್ತಿ ಬರುತ್ತದೆ. ಅದೇ ಬೀಜವನ್ನು ಸಮುದ್ರದಂಡೆಯ ಮರಳಿಗೆ ಹಾಕಿದರೆ ಬರುವುದಿಲ್ಲ.

1920ರ ದಶಕದಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್ ಇದನ್ನು ಒಪ್ಪಲಿಲ್ಲ. ರಕ್ತನಾಳ ಎಲ್ಲಿಗೆ ಒಯ್ಯುತ್ತದೋ ಕ್ಯಾನ್ಸರ್ ಅಲ್ಲಿಗೇ ಹೋಗುತ್ತದೆ ಎಂದರು. ಉತ್ತರಾಯಣದ ದಿನ ದಾರ ಕತ್ತರಿಸಿದ ಗಾಳಿಪಟ ಗಾಳಿ ಎಳೆದ ಕಡೆ ಹೋಗುವ ಹಾಗೆ. ಅವರ ಮಾತಿನಲ್ಲೂ ನಿಜವಿದೆ. ಎದೆಯ ದುಗ್ಧರಸ ಮೊದಲು ಹರಿಯುವುದು ಕಂಕುಳಿನ ಗ್ರಂಥಿಗಳಿಗೆ, ಹಾಗಾಗಿ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಕಾಣುವುದೂ ಅಲ್ಲೇ. ಆದರೆ ದೂರದ ಅಂಗಗಳ ವಿಷಯದಲ್ಲಿ ಪೇಜೆಟ್ ಹೇಳಿದ್ದು ಹೆಚ್ಚು ಸರಿ ಎಂದು ಮುಂದೆ ತಿಳಿಯಿತು. ಬೀಜಕ್ಕೆ ಮಣ್ಣು ಗೊತ್ತಾಗುವುದು ಹೇಗೆ? ಕೋಶಗಳು ಒಂದಕ್ಕೊಂದು ಕಳಿಸುವ ಸಣ್ಣ ಸಣ್ಣ ಅಣುಗಳಿಂದ. ಇವೇ ಸಂಕೇತಗಳು. ಸಂಕೇತವನ್ನು ಹಿಡಿಯಲು ಕೋಶದ ಮೇಲೋ ಒಳಗೋ ಇರುವುದನ್ನು ಗ್ರಾಹಕ ಎನ್ನುತ್ತಾರೆ. ಸಂಕೇತ ಬೀಗದ ಕೈ ಇದ್ದ ಹಾಗೆ, ಗ್ರಾಹಕ ಬೀಗ ಇದ್ದ ಹಾಗೆ.

*ಮೊದಲ ಹಂತ: ಹಿಡಿತ ಬಿಡುವುದು*

ಎದೆಯ ಹಾಲಿನ ನಾಳದಲ್ಲಿರುವ ಕೋಶಗಳು ಗೋಡೆಯ ಇಟ್ಟಿಗೆಗಳ ಹಾಗೆ ಒತ್ತಾಗಿ ಕೂತಿರುತ್ತವೆ. ಇಟ್ಟಿಗೆಗಳ ನಡುವಿನ ಗಾರೆಯ ಕೆಲಸ ಮಾಡುವುದು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು. ಟಿಜಿಎಫ್-ಬೀಟಾ ಎಂಬ ಸಂಕೇತ ಜೋರಾದಾಗ ಅನೇಕ ಕ್ಯಾನ್ಸರ್ ಕೋಶಗಳು ಈ ಗಾರೆಯನ್ನು ಕಡಿಮೆ ಮಾಡಿಕೊಂಡು, ಉದ್ದ ಆಕಾರ ತಾಳಿ, ಜರುಗಲು ಶುರುಮಾಡುತ್ತವೆ.

ಇದು ಕ್ಯಾನ್ಸರ್ ಹೊಸದಾಗಿ ಕಂಡುಹಿಡಿದ ಉಪಾಯವಲ್ಲ. ತಾಯಿಯ ಗರ್ಭದಲ್ಲಿ ಮಗುವಿನ ಅಂಗಗಳು ಮೂಡುವಾಗ ಕೋಶಗಳು ಹೀಗೆಯೇ ಜಾಗ ಬದಲಿಸುತ್ತವೆ. ಕೈ ಕೊಯ್ದುಕೊಂಡಾಗ ಗಾಯ ಮುಚ್ಚಲು ಚರ್ಮದ ಕೋಶಗಳು ಹೀಗೆಯೇ ಸರಿಯುತ್ತವೆ. ದೇಹದ ಒಳ್ಳೆಯ ವಿದ್ಯೆಯನ್ನೇ ಕ್ಯಾನ್ಸರ್ ಕದ್ದು ಬಳಸುತ್ತದೆ. "ನಾನೇನೋ ತಪ್ಪು ತಿಂದೆ, ಅದಕ್ಕೇ ಹರಡಿತು" ಎಂದು ಯಾವ ತಾಯಿಯೂ ತನ್ನನ್ನು ಬೈದುಕೊಳ್ಳಬೇಕಿಲ್ಲ.

*ಎರಡನೇ ಹಂತ: ತೇಲುತ್ತಾ ಬದುಕುವುದು*

ಸಾಮಾನ್ಯ ಕೋಶ ತನ್ನ ನೆಲೆಯಿಂದ ಕಿತ್ತುಬಂದರೆ ತಾನಾಗಿ ಸಾಯುತ್ತದೆ. ಇದು ದೇಹದ ಕಟ್ಟುಪಾಡು. ಕ್ಯಾನ್ಸರ್ ಕೋಶಗಳಲ್ಲೂ ಹೆಚ್ಚಿನವು ರಕ್ತದಲ್ಲಿ ಸಾಯುತ್ತವೆ. ಕೆಲವು ಮಾತ್ರ ಉಳಿಯುತ್ತವೆ. ಅವು ಹೇಗೆ ಉಳಿಯುತ್ತವೆ ಎಂಬುದರ ಮೇಲೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಊರವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಅದೇ ಸಂಸ್ಥೆಯಲ್ಲಿ, ಪ್ರೊಫೆಸರ್ ಅನ್ನಪೂರ್ಣಿ ರಂಗರಾಜನ್ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿದೆ. ಎಎಂಪಿಕೆ ಎಂಬ ಅಣು ಕೋಶದಲ್ಲಿ ಶಕ್ತಿ ಕಡಿಮೆಯಾದಾಗ ಎಚ್ಚರಿಸುವ ಗಂಟೆಯಂತೆ. ನೆಲೆ ತಪ್ಪಿದ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಈ ಎಎಂಪಿಕೆ ಚುರುಕಾಗಿ, ಖರ್ಚು ಕಡಿಮೆ ಮಾಡಿಸಿ, ಕಷ್ಟಕಾಲ ದಾಟಿಸುತ್ತದೆ ಎಂದು ಆ ತಂಡ ತೋರಿಸಿತು. ಬೆಳೆಯಲು ಹೇಳುವ ಎಕೆಟಿ ಎಂಬ ಇನ್ನೊಂದು ಸಂಕೇತಕ್ಕೂ ಇದಕ್ಕೂ ತಕ್ಕಡಿಯಾಟವಿದೆ. ತೇಲುವಾಗ ಒಂದು ಮೇಲೆ, ನೆಲೆ ಸಿಕ್ಕಾಗ ಇನ್ನೊಂದು ಮೇಲೆ. ಈ ಕೆಲಸ 2018ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯದ ಈ ತಿಳಿವಳಿಕೆ ಮುಂದೆ ಔಷಧಿಯಾಗಲು ಸಮಯ ಬೇಕು. ಹಾಗಾಗಿ "ಎಎಂಪಿಕೆ ಹೆಚ್ಚಿಸುತ್ತದೆ, ಕಡಿಮೆ ಮಾಡುತ್ತದೆ" ಎಂದು ಯಾರಾದರೂ ಪುಡಿ ಮಾರಲು ಬಂದರೆ ನಂಬಬೇಡಿ.

*ಮೂರನೇ ಹಂತ: ವಿಳಾಸ ಹಿಡಿಯುವುದು*

2001ರಲ್ಲಿ ಒಂದು ಮುಖ್ಯ ಸಂಗತಿ ಹೊರಬಂತು. ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಸಿಎಕ್ಸ್‌ಸಿಆರ್-4 ಎಂಬ ಗ್ರಾಹಕ ಹೆಚ್ಚಾಗಿರುತ್ತದೆ. ಅದಕ್ಕೆ ಹೊಂದುವ ಬೀಗದ ಕೈ ಸಿಎಕ್ಸ್‌ಸಿಎಲ್-12. ಈ ಬೀಗದ ಕೈಯನ್ನು ದೇಹದಲ್ಲಿ ಹೆಚ್ಚು ತಯಾರಿಸುವ ಜಾಗಗಳು ಯಾವುವು ಎಂದು ನೋಡಿದರೆ: ದುಗ್ಧರಸ ಗ್ರಂಥಿ, ಶ್ವಾಸಕೋಶ, ಲಿವರ್, ಮೂಳೆಯ ಮಜ್ಜೆ. ಸ್ತನ ಕ್ಯಾನ್ಸರ್ ಹೋಗಿ ಕೂರುವುದೂ ಇದೇ ಜಾಗಗಳಲ್ಲಿ. ಇಲಿಗಳಲ್ಲಿ ಈ ಗ್ರಾಹಕವನ್ನು ಮುಚ್ಚಿದಾಗ ಗ್ರಂಥಿಗೂ ಶ್ವಾಸಕೋಶಕ್ಕೂ ಹರಡುವುದು ಕಡಿಮೆಯಾಯಿತು. ಪೇಜೆಟ್ ನೂರು ವರ್ಷದ ಹಿಂದೆ ಹೇಳಿದ ಮಣ್ಣಿಗೆ ಹೀಗೆ ಒಂದು ಹೆಸರು ಸಿಕ್ಕಿತು.

ಈ ಸಂಕೇತವೂ ನಮ್ಮದೇ. ರಕ್ತ ತಯಾರಿಸುವ ಮೂಲಕೋಶಗಳು ಮಜ್ಜೆಯಲ್ಲಿ ತಮ್ಮ ಜಾಗದಲ್ಲಿ ಉಳಿಯುವುದು ಇದೇ ಸಿಎಕ್ಸ್‌ಸಿಎಲ್-12 ಕರೆಯಿಂದ.

2015ರಲ್ಲಿ ಇನ್ನೊಂದು ವಿಷಯ ತಿಳಿಯಿತು. ಕ್ಯಾನ್ಸರ್ ಕೋಶಗಳು ಎಕ್ಸೋಸೋಮ್ ಎಂಬ ಬಹಳ ಸಣ್ಣ ಚೀಲಗಳನ್ನು ಮುಂಚಿತವಾಗಿ ರಕ್ತಕ್ಕೆ ಬಿಡುತ್ತವೆ. ಚೀಲದ ಮೇಲಿನ ಇಂಟಿಗ್ರಿನ್ ಎಂಬ ಪ್ರೋಟೀನು ಒಂದು ಬಗೆಯದಾದರೆ ಅವು ಶ್ವಾಸಕೋಶಕ್ಕೆ ಅಂಟುತ್ತವೆ, ಇನ್ನೊಂದು ಬಗೆಯದಾದರೆ ಲಿವರಿಗೆ. ಅಲ್ಲಿ ಮಣ್ಣು ಹದ ಮಾಡಿಡುತ್ತವೆ. ಬೀಜ ಆಮೇಲೆ ಬರುತ್ತದೆ.

*ನಾಲ್ಕನೇ ಹಂತ: ಮೂಳೆಯೊಳಗಿನ ವಿಷಚಕ್ರ*

ಸ್ತನ ಕ್ಯಾನ್ಸರ್ ಅತಿ ಹೆಚ್ಚಾಗಿ ಹೋಗುವ ದೂರದ ಜಾಗ ಮೂಳೆ. ಇದನ್ನು ಸ್ವಲ್ಪ ಗಮನವಿಟ್ಟು ಓದಿ, ಯಾಕೆಂದರೆ ಚಿಕಿತ್ಸೆಯ ಅರ್ಥ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ಮೂಳೆ ಕಲ್ಲಲ್ಲ. ದಿನವೂ ಸ್ವಲ್ಪ ಕೆಡವಿ, ಸ್ವಲ್ಪ ಕಟ್ಟುವ ಕೆಲಸ ಅದರಲ್ಲಿ ನಡೆಯುತ್ತಲೇ ಇರುತ್ತದೆ. ಕೆಡವುವ ಕೋಶಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದು ಹೆಸರು, ಕಟ್ಟುವ ಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದು. ಮೂಳೆಗೆ ಬಂದು ಸೇರಿದ ಕ್ಯಾನ್ಸರ್ ಕೋಶ ಪಿಟಿಎಚ್‌ಆರ್‌ಪಿ ಎಂಬ ಅಣುವನ್ನು ಬಿಡುತ್ತದೆ. ಅದು ಕಟ್ಟುವ ಕೋಶಗಳ ಕಿವಿಗೆ ಬೀಳುತ್ತದೆ. ಅವು ರ‍್ಯಾಂಕ್ ಲಿಗ್ಯಾಂಡ್ ಎಂಬ ಇನ್ನೊಂದು ಸಂಕೇತವನ್ನು ಹೆಚ್ಚಾಗಿ ಬಿಡುತ್ತವೆ. ಈ ಸಂಕೇತ ಸಿಕ್ಕ ಕೂಡಲೇ ಕೆಡವುವ ಕೋಶಗಳ ಸಂಖ್ಯೆಯೂ ಹೆಚ್ಚುತ್ತದೆ, ಕೆಲಸವೂ ಹೆಚ್ಚುತ್ತದೆ. ಮೂಳೆ ಕರಗುತ್ತದೆ. ಕರಗಿದ ಮೂಳೆಯೊಳಗೆ ಹುದುಗಿದ್ದ ಟಿಜಿಎಫ್-ಬೀಟಾ ಹೊರಬರುತ್ತದೆ. ಅದನ್ನು ಉಂಡ ಕ್ಯಾನ್ಸರ್ ಕೋಶ ಇನ್ನಷ್ಟು ಪಿಟಿಎಚ್‌ಆರ್‌ಪಿ ಬಿಡುತ್ತದೆ. ಮತ್ತೆ ಮೂಳೆ ಕರಗುತ್ತದೆ. ಕ್ಯಾನ್ಸರ್ ಬೆಳೆದಷ್ಟೂ ಮೂಳೆ ಸವೆಯುತ್ತದೆ, ಮೂಳೆ ಸವೆದಷ್ಟೂ ಕ್ಯಾನ್ಸರ್ ಬೆಳೆಯುತ್ತದೆ.

ಈ ಚಕ್ರವನ್ನು ನಿಲ್ಲಿಸಲು ಔಷಧಿಗಳಿವೆ. ಜೊಲೆಡ್ರೋನಿಕ್ ಆಸಿಡ್ ಎಂಬ ಇಂಜೆಕ್ಷನ್ ಕೆಡವುವ ಕೋಶಗಳನ್ನು ಕಟ್ಟಿಹಾಕುತ್ತದೆ. ಡೆನೋಸುಮ್ಯಾಬ್ ಎಂಬುದು ರ‍್ಯಾಂಕ್ ಲಿಗ್ಯಾಂಡನ್ನೇ ಹಿಡಿದುಕೊಳ್ಳುತ್ತದೆ. ಮೂಳೆಗೆ ಹರಡಿದವರಲ್ಲಿ ಇವು ನೋವನ್ನೂ ಮೂಳೆ ಮುರಿಯುವುದನ್ನೂ ಕಡಿಮೆ ಮಾಡುತ್ತವೆ. ಮುಟ್ಟು ನಿಂತ ಮಹಿಳೆಯರಲ್ಲಿ ಕ್ಯಾನ್ಸರ್ ಇನ್ನೂ ಹರಡದಿದ್ದಾಗಲೇ ಜೊಲೆಡ್ರೋನಿಕ್ ಆಸಿಡ್‌ನಂಥ ಔಷಧಿ ಕೊಟ್ಟರೆ ಮೂಳೆಯಲ್ಲಿ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದೂ 2015ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತೋರಿಸಿದೆ. ಇವುಗಳನ್ನು ಶುರುಮಾಡುವ ಮೊದಲು ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿಕೊಳ್ಳಿ. ಔಷಧಿ ನಡೆಯುವಾಗ ಹಲ್ಲು ಕೀಳಿಸಿದರೆ ಕೆಲವರಿಗೆ ದವಡೆಯ ಮೂಳೆಗೆ ತೊಂದರೆಯಾಗುತ್ತದೆ.

*ಐದನೇ ಹಂತ: ನಿದ್ದೆ*

ಮೊದಲು ಹೇಳಿದ ಮನೆಯಾಕೆಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ದೂರದ ಅಂಗಕ್ಕೆ ಹೋದ ಕೋಶಗಳೆಲ್ಲ ಕೂಡಲೇ ಬೆಳೆಯುವುದಿಲ್ಲ. ಕೆಲವು ವರ್ಷಗಟ್ಟಲೆ ಸುಮ್ಮನಿರುತ್ತವೆ. ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ಕಾಣುವುದಿಲ್ಲ, ನೋವೂ ಇಲ್ಲ. ಈಸ್ಟ್ರೋಜನ್ ಗ್ರಾಹಕವಿರುವ ಸ್ತನ ಕ್ಯಾನ್ಸರ್‌ನಲ್ಲಿ ಇದು ಹೆಚ್ಚು. 5 ವರ್ಷ ಹಾರ್ಮೋನ್ ಚಿಕಿತ್ಸೆ ಮುಗಿಸಿದ 62 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಮಾಡಿದ ಅಧ್ಯಯನ 2017ರಲ್ಲಿ ಬಂತು. ಅದರಲ್ಲಿ ಕಂಡದ್ದು: 5ನೇ ವರ್ಷದಿಂದ 20ನೇ ವರ್ಷದವರೆಗೂ ಮರುಕಳಿಕೆ ಸ್ವಲ್ಪ ಸ್ವಲ್ಪವಾಗಿ ನಡೆಯುತ್ತಲೇ ಇರುತ್ತದೆ. ಮೊದಲಿನ ಗಂಟು ಸಣ್ಣದಿದ್ದು ಕಂಕುಳಿನ ಗ್ರಂಥಿಗೆ ಹೋಗದಿದ್ದವರಿಗೆ ಅಪಾಯ ಕಡಿಮೆ, ಹೋದವರಿಗೆ ಹೆಚ್ಚು.

ನಿದ್ದೆಯಲ್ಲಿರುವ ಕೋಶಕ್ಕೆ ಈಸ್ಟ್ರೋಜನ್ ಹಾರ್ಮೋನೇ ಏಳು ಎನ್ನುವ ಸಂಕೇತ. ಟ್ಯಾಮೋಕ್ಸಿಫೆನ್ ಮಾತ್ರೆ ಹೋಗಿ ಆ ಬೀಗದಲ್ಲಿ ತಾನೇ ಕೂತುಬಿಡುತ್ತದೆ. ನಿಜವಾದ ಬೀಗದ ಕೈಗೆ ಜಾಗ ಸಿಗುವುದಿಲ್ಲ. ಮುಟ್ಟು ನಿಂತವರಿಗೆ ಕೊಡುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆಗಳು ಬೀಗದ ಕೈ ತಯಾರಾಗುವುದನ್ನೇ ಕಡಿಮೆ ಮಾಡುತ್ತವೆ. 5 ವರ್ಷ ಟ್ಯಾಮೋಕ್ಸಿಫೆನ್ ತೆಗೆದುಕೊಂಡವರಲ್ಲಿ ಮೊದಲ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಮೂರರಲ್ಲಿ ಒಂದು ಭಾಗ ಕಡಿಮೆಯಾಗಿದೆ. ಗಮನಿಸಿ: ಮಾತ್ರೆ ತೆಗೆದುಕೊಂಡದ್ದು 5 ವರ್ಷ, ಲಾಭ 15 ವರ್ಷ. ಆದರೆ ಈ ಲಾಭ ಪೂರ್ತಿ ತೆಗೆದುಕೊಂಡವರದು. ಎರಡು ವರ್ಷಕ್ಕೆ ಬಿಟ್ಟರೆ ಬೀಗ ಮತ್ತೆ ತೆರೆದುಕೊಳ್ಳುತ್ತದೆ. ಕೆಲವರಿಗೆ ಡಾಕ್ಟರು 10 ವರ್ಷದವರೆಗೂ ಮುಂದುವರಿಸಲು ಹೇಳುತ್ತಾರೆ.

ಉಷ್ಣವೆನಿಸುವುದು, ಬೆವರುವುದು, ಕೀಲುನೋವು ಇವೆಲ್ಲ ಸುಳ್ಳಲ್ಲ. ಅದನ್ನು ಸಹಿಸಿಕೊಂಡೇ ಇರಬೇಕೆಂದು ನಾನು ಹೇಳುತ್ತಿಲ್ಲ. ಡಾಕ್ಟರಿಗೆ ಹೇಳಿ. ಮಾತ್ರೆ ತೆಗೆದುಕೊಳ್ಳುವ ಹೊತ್ತು ಬದಲಿಸಬಹುದು, ಬೇರೆ ಮಾತ್ರೆ ಕೊಡಬಹುದು. ಟ್ಯಾಮೋಕ್ಸಿಫೆನ್ ತೆಗೆದುಕೊಳ್ಳುವಾಗ ಮುಟ್ಟು ನಿಂತಿದ್ದವರಿಗೆ ಮತ್ತೆ ರಕ್ತ ಕಂಡರೆ, ಇಲ್ಲವೇ ಒಂದೇ ಕಾಲು ಊದಿಕೊಂಡು ನೋವಾದರೆ, ತಡಮಾಡದೆ ತೋರಿಸಿ.

*ನಿಮ್ಮ ರಿಪೋರ್ಟಿನಲ್ಲಿ ಈ ಸಂಕೇತಗಳ ಹೆಸರಿದೆ*

ಬಯಾಪ್ಸಿ ರಿಪೋರ್ಟಿನ ಕೊನೆಯ ಹಾಳೆಯಲ್ಲಿ ಸಾಮಾನ್ಯವಾಗಿ ನಾಲ್ಕು ಹೆಸರುಗಳಿರುತ್ತವೆ.

1. *ಈಆರ್ ಮತ್ತು ಪಿಆರ್:* ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಗ್ರಾಹಕಗಳು. ಪಾಸಿಟಿವ್ ಎಂದರೆ ಹೆದರಬೇಡಿ. ಇಲ್ಲಿ ಪಾಸಿಟಿವ್ ಎಂದರೆ ಮಾತ್ರೆ ಕೆಲಸ ಮಾಡುವ ಬೀಗ ಇದೆ ಎಂದರ್ಥ. 1896ರಲ್ಲೇ ಗ್ಲಾಸ್ಗೋದ ಜಾರ್ಜ್ ಬೀಟ್ಸನ್ ಎಂಬ ವೈದ್ಯರು ಅಂಡಾಶಯ ತೆಗೆದಾಗ ಕೆಲವರ ಸ್ತನ ಕ್ಯಾನ್ಸರ್ ಕುಗ್ಗುವುದನ್ನು ಕಂಡಿದ್ದರು. ಕಾರಣ ಹಾರ್ಮೋನ್ ಎಂದು ಆಗ ಹೆಸರಿಟ್ಟು ಹೇಳಲು ಆಗಿರಲಿಲ್ಲ.

2. *ಹರ್-2:* ಇದು ಬೆಳೆಯಲು ಹೇಳುವ ಇನ್ನೊಂದು ಗ್ರಾಹಕ. ನೂರರಲ್ಲಿ 15ರಿಂದ 20 ಮಂದಿಯಲ್ಲಿ ವಿಪರೀತ ಹೆಚ್ಚಾಗಿರುತ್ತದೆ. ಹಿಂದೆ ಇದು ಬೇಗ ಹರಡುವ ಕ್ಯಾನ್ಸರ್ ಎಂದು ಡಾಕ್ಟರುಗಳೇ ಹೆದರುತ್ತಿದ್ದರು. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮ್ಯಾಬ್ ಔಷಧಿಗೆ ಒಪ್ಪಿಗೆ ಸಿಕ್ಕ ಮೇಲೆ ಕಥೆ ಬದಲಾಯಿತು. ಅದರ ಬೆಲೆ ನಮ್ಮಂಥವರಿಗೆ ಎಟುಕುವಂತಿರಲಿಲ್ಲ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದರ ಸಮಾನ ಔಷಧಿಯನ್ನು ಭಾರತದಲ್ಲಿ ಬಿಡುಗಡೆ ಮಾಡಿತು. 2017ರಲ್ಲಿ ಅದೇ ಔಷಧಿಗೆ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ನಿಮ್ಮ ರಿಪೋರ್ಟಿನಲ್ಲಿ ಹರ್-2 ಎದುರು 2+ ಎಂದಿದ್ದರೆ ಅದು ಅರ್ಧ ಉತ್ತರ. ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಬೇಕಾಗುತ್ತದೆ. ಕೇಳಿ ಮಾಡಿಸಿಕೊಳ್ಳಿ.

3. *ಕೆಐ-67:* ಕೋಶಗಳು ಎಷ್ಟು ವೇಗವಾಗಿ ಎರಡಾಗುತ್ತಿವೆ ಎಂಬ ಅಳತೆ.

ಈಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಆಗಿದ್ದರೆ ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ. ಇದಕ್ಕೆ ಹಾರ್ಮೋನ್ ಮಾತ್ರೆ ಕೆಲಸ ಮಾಡುವುದಿಲ್ಲ, ಕೀಮೋ ಮುಖ್ಯ. ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ. ಹಾಗಾಗಿ ಆ ವರ್ಷಗಳ ತಪಾಸಣೆ ಒಂದನ್ನೂ ತಪ್ಪಿಸಬೇಡಿ.

ಈ ರಿಪೋರ್ಟಿನ ಫೋಟೋ ತೆಗೆದು ಗಂಡ, ಹೆಂಡತಿ, ದೊಡ್ಡ ಮಗ ಅಥವಾ ಮಗಳು ಮೂವರ ಫೋನಿನಲ್ಲೂ ಇಟ್ಟುಕೊಳ್ಳಿ. ನಾವು ಊರಿಂದೂರಿಗೆ ಮನೆ ಬದಲಿಸುವ ಜನ. ಕಾಗದ ಕಳೆಯುತ್ತದೆ.

*"ಸೂಜಿ ಚುಚ್ಚಿದರೆ ಹರಡುತ್ತದಂತೆ, ನಿಜವೇ?"*

ಇಲ್ಲ. ಸೂಜಿ ಬಯಾಪ್ಸಿಯಿಂದ ಕ್ಯಾನ್ಸರ್ ಹರಡಿ ಆಯುಷ್ಯ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಯಾಪ್ಸಿ ಇಲ್ಲದಿದ್ದರೆ ಮೇಲಿನ ನಾಲ್ಕು ಹೆಸರುಗಳು ಸಿಗುವುದಿಲ್ಲ. ಅವು ಸಿಗದಿದ್ದರೆ ಯಾವ ಔಷಧಿ ಎಂದು ಗೊತ್ತಾಗುವುದಿಲ್ಲ.

ಆಪರೇಷನ್ ಹೊತ್ತಿನಲ್ಲಿ ಕೋಶಗಳು ಕದಲಬಹುದೇ ಎಂದು ವೈದ್ಯರು ಯೋಚಿಸದೆ ಇಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ರಾಜೇಂದ್ರ ಬಡವೆ ಅವರ ನೇತೃತ್ವದಲ್ಲಿ ಭಾರತದ 11 ಕೇಂದ್ರಗಳಲ್ಲಿ 1,600 ಮಹಿಳೆಯರ ಮೇಲೆ ಒಂದು ಅಧ್ಯಯನ ನಡೆಯಿತು. ಗಂಟು ತೆಗೆಯುವ 7ರಿಂದ 10 ನಿಮಿಷ ಮೊದಲು ಅದರ ಸುತ್ತ ಲಿಡೋಕೇನ್ ಚುಚ್ಚಿದರು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಅದೇ ಅಗ್ಗದ ಔಷಧಿ. ಕೋಶದ ಹೊರಪದರದಲ್ಲಿರುವ ಸೋಡಿಯಂ ಬಾಗಿಲುಗಳನ್ನು ಅದು ಮುಚ್ಚುತ್ತದೆ. ಕೋಶ ಜರುಗಲು ಈ ಬಾಗಿಲುಗಳೂ ನೆರವಾಗುತ್ತವೆ. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. 5 ವರ್ಷದ ಬಳಿಕ ಬದುಕಿದ್ದವರು ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 90.1, ಚುಚ್ಚಿಸಿಕೊಳ್ಳದವರಲ್ಲಿ 86.4. ಇದರಿಂದ ಆಪರೇಷನ್ ಅಪಾಯ ಎಂದು ಅರ್ಥ ಮಾಡಿಕೊಳ್ಳಬೇಡಿ. ಆಪರೇಷನ್ ಇಲ್ಲದೆ ಗುಣವಿಲ್ಲ. ಅದನ್ನು ಇನ್ನಷ್ಟು ಸುರಕ್ಷಿತ ಮಾಡುವ ದಾರಿ ನಮ್ಮ ದೇಶದಲ್ಲೇ ಸಿಕ್ಕಿದೆ ಎಂದು ತಿಳಿಯಿರಿ. ಆಪರೇಷನ್ ಇನ್ನೂ ಆಗಬೇಕಿರುವವರು ಈ ಇಂಜೆಕ್ಷನ್ ಬಗ್ಗೆ ನಿಮ್ಮ ಸರ್ಜನ್ ಅವರನ್ನು ಕೇಳಬಹುದು.

*ಚಿಕಿತ್ಸೆ ಮುಗಿದವರು ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?*

ಪ್ರತಿ ಬೆನ್ನುನೋವೂ ಕ್ಯಾನ್ಸರ್ ಅಲ್ಲ. ನೀರಿನ ಕೊಡ ಎತ್ತಿದರೂ ಬೆನ್ನು ನೋಯುತ್ತದೆ. ಆದರೆ ಕೆಳಗಿನವು ಎರಡು ವಾರ ಬಿಡದೆ ಇದ್ದರೆ ತೋರಿಸಿ:

• ಒಂದೇ ಜಾಗದ ಮೂಳೆನೋವು, ಮಲಗಿದಾಗಲೂ ರಾತ್ರಿಯೂ ಬಿಡದ್ದು
• ಒಣಕೆಮ್ಮು, ನಡೆದರೆ ಏದುಸಿರು
• ಹಸಿವಿಲ್ಲದಿರುವುದು, ತೂಕ ಇಳಿಯುವುದು, ಬಲಗಡೆ ಪಕ್ಕೆಯ ಕೆಳಗೆ ಭಾರ
• ಕಂಕುಳಲ್ಲಿ, ಕತ್ತಿನ ಮೂಳೆಯ ಹತ್ತಿರ ಅಥವಾ ಆಪರೇಷನ್ ಗಾಯದ ಬಳಿ ಹೊಸ ಗಂಟು

ಇವಕ್ಕೆ ಎರಡು ವಾರವೂ ಕಾಯಬೇಡಿ, ಅದೇ ದಿನ ಹೋಗಿ: ಬೆನ್ನುನೋವಿನ ಜೊತೆ ಕಾಲಲ್ಲಿ ಶಕ್ತಿ ಕುಂದುವುದು ಅಥವಾ ಮೂತ್ರ ಕಟ್ಟುವುದು, ಫಿಟ್ಸ್, ವಾಂತಿಯೊಂದಿಗೆ ತೀವ್ರ ತಲೆನೋವು, ಕೂತಲ್ಲೇ ಉಸಿರು ಸಿಗದಿರುವುದು, ಕಣ್ಣು ಹಳದಿಯಾಗುವುದು.

ಯಾವ ತೊಂದರೆಯೂ ಇಲ್ಲದಿದ್ದರೆ ಪದೇ ಪದೇ ಪೆಟ್ ಸ್ಕ್ಯಾನ್ ಬೇಕಿಲ್ಲ. ಡಾಕ್ಟರು ಹೇಳಿದ ತಪಾಸಣೆ ಮತ್ತು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಸಾಕು.

*ಇನ್ನೂ ಗಂಟು ತೋರಿಸದವರಿಗೆ*

"ದೀಪಾವಳಿಗೆ ಊರಿಗೆ ಹೋಗುತ್ತೇವಲ್ಲ, ಅಲ್ಲೇ ತೋರಿಸೋಣ." ಈ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಮೇಲೆ ಓದಿದ ಹಂತಗಳು ನಮ್ಮ ರಜೆಗೆ ಕಾಯುವುದಿಲ್ಲ. ಗಂಟು ಕಂಕುಳು ದಾಟುವ ಮೊದಲು ಹೋಗುವುದಕ್ಕೂ ದಾಟಿದ ಮೇಲೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಮುಂಬೈನಲ್ಲಿ ಟಾಟಾ ಮೆಮೋರಿಯಲ್ ಒಂದೂವರೆ ಲಕ್ಷ ಮಹಿಳೆಯರೊಂದಿಗೆ 20 ವರ್ಷ ನಡೆಸಿದ ಅಧ್ಯಯನದಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಎದೆ ಪರೀಕ್ಷಿಸಿದರು. 50 ದಾಟಿದವರಲ್ಲಿ ಸಾವು ಸುಮಾರು ನೂರಕ್ಕೆ 30ರಷ್ಟು ಕಡಿಮೆಯಾಯಿತು. ಅದಕ್ಕಿಂತ ಚಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ. ಆದರೆ ಗಂಟು ಕೈಗೆ ಸಿಕ್ಕ ಮೇಲೆ ಯಾವ ವಯಸ್ಸಿನವರೂ ಕಾಯಬಾರದು. ಗಂಡಸರೂ ಅಷ್ಟೇ, ನೂರರಲ್ಲಿ ಒಬ್ಬ ರೋಗಿ ಗಂಡಸು.

ವಡೋದರಾದಲ್ಲಿ ಸಯಾಜಿರಾವ್ ಸರ್ಕಾರಿ ಆಸ್ಪತ್ರೆ ಇದೆ, ಎಲ್ಲರೂ ಎಸ್‌ಎಸ್‌ಜಿ ಎನ್ನುವುದು ಅದನ್ನೇ. ಅಹಮದಾಬಾದ್‌ನ ಅಸಾರ್ವಾದಲ್ಲಿ 1972ರಲ್ಲಿ ಶುರುವಾದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಊರಿಗೇ ಮರಳುವವರಿಗೆ ಬೆಂಗಳೂರಿನ ಕಿದ್ವಾಯಿ ಇದೆ. ಗುಜರಾತಿನಲ್ಲಿ ಆಯುಷ್ಮಾನ್ ಕಾರ್ಡಿನ ಮಿತಿ 2023ರಿಂದ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ. ಊರಿನಲ್ಲಿ ಮಾಡಿಸಿದ ಕಾರ್ಡಿದ್ದರೆ ಅದನ್ನೂ ಒಯ್ಯಿರಿ, ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ವಿಚಾರಿಸಿ. ಸಹಾಯವಾಣಿ 14555.

ಭಾಷೆಯ ಅಂಜಿಕೆಯಿಂದ ಎಷ್ಟೋ ತಾಯಂದಿರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಈ ನಾಲ್ಕು ಗುಜರಾತಿ ಮಾತು ಸಾಕು:

• ಎದೆಯಲ್ಲಿ ಗಂಟಿದೆ: *ಛಾತೀಮಾಂ ಗಾಂಠ್ ಛೇ*
• ನೋಯುವುದಿಲ್ಲ: *ದುಖ್ತುಂ ನಥೀ*
• ಮೂಳೆಯಲ್ಲಿ ನೋವಿದೆ: *ಹಾಡ್ಕಾಮಾಂ ದುಖಾವೋ ಛೇ*
• ಏದುಸಿರು ಬರುತ್ತದೆ: *ಶ್ವಾಸ್ ಚಢೇ ಛೇ*

ನಮ್ಮ ಗಂಟು, ಅವರ ಗಾಂಠ್. ಮಾತು ಅಷ್ಟೇನೂ ದೂರವಿಲ್ಲ.

*ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಕೊನೆಯ ಐದು ಮಾತು*

1. ಊರಿಗೆ ಹೊರಡುವ ಮೊದಲು ಹದಿನೈದು ದಿನದ ಮಾತ್ರೆ ಹೆಚ್ಚಾಗಿಯೇ ಕೊಂಡಿಟ್ಟುಕೊಳ್ಳಿ.
2. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಎಂದಿನಂತೆ ಒಂದೇ.
3. ನಾಟಿ ಔಷಧಿ, ಕಷಾಯ, ಬೇರೆ ಡಾಕ್ಟರ ಮಾತ್ರೆ ಏನೇ ಶುರುಮಾಡಿದರೂ ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿ. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಟ್ಯಾಮೋಕ್ಸಿಫೆನ್ ಕೆಲಸವನ್ನು ಕುಗ್ಗಿಸುತ್ತವೆ.
4. ತೊಂದರೆಯಾದರೆ ನಿಲ್ಲಿಸುವ ಮೊದಲು ಒಂದು ಫೋನ್ ಮಾಡಿ.
5. ಅಣ್ಣಂದಿರೇ, ನಿಮಗೂ ಒಂದು ಮಾತು. ವಾರಕ್ಕೊಮ್ಮೆ ಮಾತ್ರೆಯ ಹಾಳೆ ಎತ್ತಿ ನೋಡಿ. ಖಾಲಿಯಾಗದೆ ಉಳಿದಿದ್ದರೆ ಬೈಯಬೇಡಿ. "ಏನಾಗ್ತಿದೆ?" ಎಂದು ಕೇಳಿ. ಮುಂದಿನ ತಪಾಸಣೆಗೆ ಒಂದು ದಿನ ರಜೆ ಹಾಕಿ ಜೊತೆಗೆ ಹೋಗಿ.

ಇದು ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಚಿಕಿತ್ಸೆ ಏನೆಂದು ನಿರ್ಧರಿಸುವವರು ನಿಮ್ಮನ್ನು ಪರೀಕ್ಷಿಸಿದ ಡಾಕ್ಟರು. ನಿಮ್ಮ ಬಳಗದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಸುಮ್ಮನಿರುವ ಅಕ್ಕನೋ ಅತ್ತಿಗೆಯೋ ಇದ್ದರೆ ಇದನ್ನು ಬರೀ ಗುಂಪಿಗೆ ಹಾಕಿ ಬಿಡಬೇಡಿ. ಅವರ ನಂಬರಿಗೇ ಕಳಿಸಿ, ಆಮೇಲೆ ಒಂದು ಫೋನ್ ಮಾಡಿ ಕೇಳಿ: "ಅಕ್ಕಾ, ಮಾತ್ರೆ ತಗೊಳ್ತಿದ್ದೀಯಲ್ಲ?"